ತಗ್ಗಿಸಿದ ತಂತಿ

ಶಹಾಪುರ ತಾಲೂಕಿನ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇದೆ. ವಿಜಾಪುರ ಆಳಿದ ಆದಿಲ್‌ಶಾಹಿ ಮನೆತನದ ಮೊದಲ ನಾಲ್ವರು ಸುಲ್ತಾನರು ಮಣ್ಣಾದದ್ದು ಇಲ್ಲಿಯೇ. 1510ರಲ್ಲಿ ತೀರಿಕೊಂಡ ಯೂಸುಫ್, 1534ರಲ್ಲಿ ತೀರಿಕೊಂಡ ಇಸ್ಮಾಯಿಲ್, ಕೆಲವೇ ತಿಂಗಳು ಗಾದಿಯ ಮೇಲಿದ್ದ ಮಲ್ಲು, 1558ರಲ್ಲಿ ಕಣ್ಣು ಮುಚ್ಚಿದ ಮೊದಲನೆಯ ಇಬ್ರಾಹಿಂ. ಗೋಲಗುಮ್ಮಟದ ಹೆಸರು ಕೇಳದ ಕನ್ನಡಿಗರಿಲ್ಲ. ಅದನ್ನು ಕಟ್ಟಿಸಿದ ವಂಶದ ಹಿರಿಯರು ಗೋಗಿಯಲ್ಲಿ ಮಲಗಿದ್ದಾರೆ ಎಂಬುದು ಯಾದಗಿರಿ ಸೀಮೆಯಾಚೆ ಗೊತ್ತಿರುವವರು ಕಡಿಮೆ.

ಈ ನಾಲ್ವರಲ್ಲಿ ಕೊನೆಯವನ ಮೊಮ್ಮಗನೇ ಎರಡನೆಯ ಇಬ್ರಾಹಿಂ ಆದಿಲ್ ಶಾ. 1580ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು 1627ರವರೆಗೆ ಆಳಿದ. ಜನ ಅವನನ್ನು ‘ಜಗದ್ಗುರು’ ಎಂದು ಕರೆದರು. ದಖನಿ ಮಾತಿನಲ್ಲಿ ಅವನು ಕಟ್ಟಿದ ಹಾಡುಗಳ ಪುಸ್ತಕ ‘ಕಿತಾಬ್-ಎ-ನೌರಸ್’. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಗುಲ್ಬರ್ಗದ ಬಂದೇನವಾಜರ ಸ್ತುತಿಯಿದೆ. ಅವನ ಪ್ರೀತಿಯ ಆನೆ ಆತಿಶ್ ಖಾನ್ ಇದೆ. ಅವನ ತಂಬೂರ್ ಕೂಡ ಇದೆ. ಅದರ ಹೆಸರು ಮೋತಿ ಖಾನ್. ವಾದ್ಯವೊಂದಕ್ಕೆ ಆಸ್ಥಾನದ ಸರದಾರನಿಗೆ ಕೊಡುವಂಥ ಹೆಸರು ಕೊಟ್ಟು ಹಾಡು ಕಟ್ಟಿದ ಅರಸ ಇನ್ನೊಬ್ಬನನ್ನು ಹುಡುಕುವುದು ಕಷ್ಟ. ಫಾರೂಖ್ ಬೇಗ್ ಬರೆದ ಚಿತ್ರವೊಂದರಲ್ಲಿ ಇಬ್ರಾಹಿಂ ಉದ್ದ ಕತ್ತಿನ ತಂಬೂರ್ ಹಿಡಿದು ನುಡಿಸುತ್ತ ಕೂತಿದ್ದಾನೆ. ಆ ಚಿತ್ರ ಈಗ ಪ್ರಾಗ್ ನಗರದ ನಾಪ್ರಸ್ತೆಕ್ ವಸ್ತುಸಂಗ್ರಹಾಲಯದಲ್ಲಿದೆ.

ನೌರಸ್‌ನ ಪ್ರತಿ ಹಾಡಿನ ತಲೆಯ ಮೇಲೂ ರಾಗದ ಹೆಸರಿದೆ. ಭೂಪಾಲಿ, ಭೈರವ, ತೋಡಿ, ಕಲ್ಯಾಣ, ಕೇದಾರ, ಕನ್ನಡದ ಹೆಸರನ್ನೇ ಹೊತ್ತ ಕಾನಡಾ, ಹೀಗೆ ಒಟ್ಟು ಹದಿನೇಳು. ರಾಗ ಬಿಟ್ಟರೆ ಇನ್ನೇನೂ ಇಲ್ಲ. ಸ್ವರ ಬರೆದಿಲ್ಲ. ಮೋತಿ ಖಾನನ ತಂತಿಯನ್ನು ಯಾವ ಎತ್ತರಕ್ಕೆ ಬಿಗಿಯುತ್ತಿದ್ದರು ಎಂದೂ ಬರೆದಿಲ್ಲ. ಬರೆಯಬೇಕು ಎಂದು ಆಗ ಯಾರಿಗೂ ಅನ್ನಿಸುವ ಹಾಗಿರಲಿಲ್ಲ. ಹಾಡುವವನ ದನಿ ಎಲ್ಲಿ ಕೂರುತ್ತದೋ ಅಲ್ಲಿಗೆ ‘ಸ’; ತಂತಿ ಅದನ್ನು ಹಿಂಬಾಲಿಸಬೇಕು. ನಮ್ಮ ಸಂಗೀತದ ಅತಿ ದೊಡ್ಡ ಅನುಕೂಲ ಇದು. ಅತಿ ದೊಡ್ಡ ನಷ್ಟವೂ ಇದೇ.

ಈ ಮಾತು ಇವತ್ತು ಮತ್ತೆ ಮುಂದೆ ಬರುವುದು ಗಿಟಾರಿನಿಂದ. ಗಿಟಾರಿನ ಆರು ತಂತಿಗಳಿಗೆ ಜಗತ್ತೆಲ್ಲ ಒಪ್ಪಿದ ಶ್ರುತಿಯೊಂದಿದೆ: ದಪ್ಪ ತಂತಿಯಿಂದ ಶುರುಮಾಡಿದರೆ ಇ, ಎ, ಡಿ, ಜಿ, ಬಿ, ಇ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಹಾಡುವವರ ದನಿ ಮೇಲೆ ಹತ್ತದಿದ್ದಾಗ, ಇಲ್ಲವೇ ನಾದಕ್ಕೆ ಇನ್ನಷ್ಟು ಭಾರ ಬೇಕೆನಿಸಿದಾಗ, ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸುತ್ತಾರೆ. ಆಗ ಅದೇ ತಂತಿ ಸುಮಾರು 78 ಸಲ ಕಂಪಿಸುತ್ತದೆ. ಬಿಗಿತ ನೂರಕ್ಕೆ ಹನ್ನೊಂದು ಪಾಲು ಸಡಿಲಗೊಂಡು ಬೆರಳಿಗೆ ಮೆತ್ತಗಾಗುತ್ತದೆ. ಪೂರ್ತಿ ಒಂದು ಸ್ವರ ಇಳಿಸಿದರೆ ಬಿಗಿತದಲ್ಲಿ ಐದನೆಯ ಒಂದು ಪಾಲು ಹೋಗುತ್ತದೆ. ತೊಡಕು ಶುರುವಾಗುವುದು ಎದುರಿಗೆ ಐದು ಗೆರೆಯ ಹಾಳೆ ಇಟ್ಟುಕೊಂಡಾಗ. ಹಾಳೆಯ ಮೇಲೆ ‘ಇ’ ಎಂದಿದೆ. ಬೆರಳು ‘ಇ’ಯ ಜಾಗಕ್ಕೇ ಹೋಗುತ್ತದೆ. ಕಿವಿಗೆ ಬೀಳುವುದು ‘ಇ ಫ್ಲಾಟ್’. ಹಾಗಾದರೆ ಹಾಳೆ ಹೇಳುತ್ತಿರುವುದು ಬೆರಳಿಗೋ, ಕಿವಿಗೋ?

ಸುರಪುರದ ಕಡೆಯ ಪೇಟಿ (ಹಾರ್ಮೋನಿಯಂ) ಮಾಸ್ತರರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಬಿಳಿ ಮನೆ ಸಫೇದ್ ತೀನ್‌ನಲ್ಲಿದ್ದದ್ದು ಅದರ ಪಕ್ಕದ ಕರಿ ಮನೆ ಕಾಳಿ ದೋಗೆ ಇಳಿಯಿತು, ಅಷ್ಟೇ. ಸ ರಿ ಗ ಮ ಎಲ್ಲಿದ್ದವೋ ಅಲ್ಲೇ ಇವೆ.

ಐದು ಗೆರೆಯ ಲಿಪಿಯಲ್ಲಿ ಪ್ರತಿ ಗೆರೆಗೂ ಪ್ರತಿ ಸಂದಿಗೂ ಒಂದೊಂದು ನಾದ ಗೊತ್ತುಮಾಡಿದೆ. ಆದರೆ ಆ ನಾದದ ಎತ್ತರ ಯುರೋಪಿನಲ್ಲೂ ಬಹಳ ಕಾಲ ಊರಿಗೊಂದು ತರಹ ಇತ್ತು. ಫ್ರಾನ್ಸ್ 1859ರಲ್ಲಿ ‘ಎ’ ಸ್ವರಕ್ಕೆ ಸೆಕೆಂಡಿಗೆ 435 ಕಂಪನ ಎಂದು ಕಾಯಿದೆ ಮಾಡಿತು. 440 ಎಂಬ ಈಗಿನ ಅಳತೆಗೆ ದೇಶಗಳು ಒಪ್ಪಿದ್ದು 1939ರ ಲಂಡನ್ ಸಮ್ಮೇಳನದಲ್ಲಿ. ಅದಕ್ಕೂ ನಾನೂರು ವರ್ಷ ಹಿಂದೆ, ಇಸ್ಮಾಯಿಲ್ ಆದಿಲ್ ಶಾನನ್ನು ಗೋಗಿಗೆ ತಂದು ಮಣ್ಣುಮಾಡಿದ ಎರಡೇ ವರ್ಷಕ್ಕೆ, 1536ರಲ್ಲಿ ಸ್ಪೇನಿನ ವಾಲೆನ್ಸಿಯಾದಲ್ಲಿ ಲೂಯಿಸ್ ಮಿಲಾನ್ ‘ಎಲ್ ಮಾಯೆಸ್ತ್ರೊ’ ಎಂಬ ಪುಸ್ತಕ ಅಚ್ಚುಹಾಕಿಸಿದ. ಗಿಟಾರಿನ ಪೂರ್ವಜರಲ್ಲಿ ಒಂದಾದ ವಿಹುವೆಲಾ ಕಲಿಯುವವರಿಗಾಗಿ ಬರೆದದ್ದು. ಶ್ರುತಿ ಮಾಡುವ ಬಗ್ಗೆ ಮಿಲಾನ್ ಕೊಟ್ಟ ಸೂಚನೆ ಸರಳ: ಮೊದಲ ತಂತಿಯನ್ನು ಅದು ತಡೆಯುವಷ್ಟು ಎತ್ತರಕ್ಕೆ ಬಿಗಿ, ಉಳಿದವನ್ನು ಅದಕ್ಕೆ ಹೊಂದಿಸಿಕೊ. ಅವನ ಹಾಳೆಯ ಮೇಲಿನ ಅಂಕಿಗಳು ಸ್ವರದ ಹೆಸರು ಹೇಳುವುದಿಲ್ಲ. ಯಾವ ತಂತಿ, ಎಷ್ಟನೆಯ ಮೆಟ್ಟಿಲು ಎಂದಷ್ಟೇ ಹೇಳುತ್ತವೆ. ಇಂದಿಗೂ ಗಿಟಾರ್ ಹುಡುಗರು ‘ಟ್ಯಾಬ್’ ಎಂದು ಕರೆಯುವುದು ಈ ಪದ್ಧತಿಯ ವಾರಸುದಾರನನ್ನೇ. ತಂತಿ ಎಷ್ಟು ಇಳಿದಿದ್ದರೂ ಅದಕ್ಕೆ ಬಾಧೆಯಿಲ್ಲ.

ಮೋತಿ ಖಾನನ ಒಡೆಯನಿಗೆ ಮಿಲಾನನ ಮಾತು ಹೇಳಿದ್ದರೆ ತಟ್ಟನೆ ಅರ್ಥವಾಗುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರೂ ತಂತಿಗಳನ್ನು ಒಂದೇ ಅಳತೆಯಲ್ಲಿ ಇಳಿಸಿದರೆ ಬೆರಳಿನ ದಾರಿ ಬದಲಾಗುವುದಿಲ್ಲ. ಆದರೆ ಗಿಟಾರಿನಲ್ಲಿ ಬಹು ರೂಢಿಯಲ್ಲಿರುವ ಇನ್ನೊಂದು ಶ್ರುತಿಯಲ್ಲಿ ಅತಿ ದಪ್ಪ ತಂತಿಯನ್ನು ಮಾತ್ರ ‘ಇ’ಯಿಂದ ‘ಡಿ’ಗೆ ಇಳಿಸುತ್ತಾರೆ. ಆಗ ಐದು ತಂತಿಗಳ ಮೇಲೆ ಓದು ಹಳೆಯ ಹಾಗೆಯೇ ಸಾಗುತ್ತದೆ. ಆರನೆಯದರ ಮೇಲೆ ಪ್ರತಿ ಸ್ವರವೂ ಎರಡು ಮೆಟ್ಟಿಲು ಮುಂದೆ ಸರಿದಿರುತ್ತದೆ. ಕಲಿತ ಕೈ ತಪ್ಪುವುದು ಅಲ್ಲಿ. ಮೊದಲನೆಯದು ಶ್ರುತಿಯ ಬದಲಾವಣೆ, ಎರಡನೆಯದು ಮೇಳದ, ಅಂದರೆ ತಂತಿಗಳ ಕೂಡಿಕೆಯ, ಬದಲಾವಣೆ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡುವ ತಿಳಿವಳಿಕೆ ನಮ್ಮ ನೆಲದಲ್ಲಿ ತುಂಬ ಹಿಂದಿನದು.

1550ರಲ್ಲಿ ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದು ಅಳಿಯ ರಾಮರಾಯನಿಗೆ ಅರ್ಪಿಸಿದ. ಅದರಲ್ಲಿ ವೀಣೆಯನ್ನು ತಂತಿ ಕೂಡಿಸುವ ಬಗೆಯಿಂದಲೇ ವಿಂಗಡಿಸಿದ್ದಾನೆ. ಶುದ್ಧಮೇಳ ವೀಣೆಯ ತಂತಿಗಳು ಕೆಳಗಿನಿಂದ ಸ, ಪ, ಸ, ಮ. ಮಧ್ಯಮೇಳ ವೀಣೆಯಲ್ಲಿ ಪ, ಸ, ಪ, ಸ. ಮೂರನೆಯದಕ್ಕೆ ದೊರೆ ಅಚ್ಯುತರಾಯನ ಹೆಸರು. ಎಲ್ಲ ರಾಗಕ್ಕೂ ಒದಗುವಂತೆ ಮೆಟ್ಟಿಲು ಕೂಡಿಸಿದ ವೀಣೆ ಯಾವುದು, ಒಂದೊಂದು ರಾಗಕ್ಕೆ ಮೆಟ್ಟಿಲು ಸರಿಸಿಕೊಳ್ಳಬೇಕಾದ ವೀಣೆ ಯಾವುದು ಎಂಬುದನ್ನೂ ವಿವರಿಸಿದ್ದಾನೆ. ಇವತ್ತು ಮೈಸೂರಿನಲ್ಲಿ ನುಡಿಯುವ ಸರಸ್ವತಿ ವೀಣೆಯಲ್ಲಿ ಉಳಿದುಬಂದಿರುವುದು ಆ ಮಧ್ಯಮೇಳದ ಕೂಡಿಕೆ. ಪುಸ್ತಕ ಬಂದು ಹದಿನೈದು ವರ್ಷಕ್ಕೆ, 1565ರ ಜನವರಿಯಲ್ಲಿ, ರಾಮರಾಯ ರಕ್ಕಸತಂಗಡಿಯ ಯುದ್ಧದಲ್ಲಿ ಹತನಾದ. ಎದುರು ಪಾಳೆಯದ ಸುಲ್ತಾನರಲ್ಲಿ ಒಬ್ಬ ಅಲಿ ಆದಿಲ್ ಶಾ, ಗೋಗಿಯಲ್ಲಿ ಮಲಗಿದ ಮೊದಲನೆಯ ಇಬ್ರಾಹಿಮನ ಮಗ. ಪಾಠಪುಸ್ತಕಗಳು ಆ ಯುದ್ಧವನ್ನು ಹೇಳುತ್ತವೆ. ಅದೇ ದಶಕಗಳಲ್ಲಿ ಕೃಷ್ಣೆಯ ಎರಡೂ ದಂಡೆಗಳಲ್ಲಿ ಜನ ಕಿವಿಗೊಟ್ಟು ತಂತಿ ಬಿಗಿಯುತ್ತಿದ್ದರು ಎಂಬುದನ್ನು ಯಾವ ಪಾಠಪುಸ್ತಕವೂ ಹೇಳುವುದಿಲ್ಲ.

ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪುಂಡರೀಕ ವಿಠ್ಠಲನನ್ನೂ ಇಲ್ಲಿ ನೆನೆಯಬೇಕು. ಕರ್ನಾಟಕದಲ್ಲಿ ಹುಟ್ಟಿದ ಈ ಪಂಡಿತ ಖಾನದೇಶದ ಫಾರೂಕಿ ದೊರೆ ಬುರ್ಹಾನ್ ಖಾನನ ಆಸ್ಥಾನಕ್ಕೆ ಹೋಗಿ ‘ಸದ್ರಾಗಚಂದ್ರೋದಯ’ ಬರೆದ. ಆಮೇಲೆ ಉತ್ತರಕ್ಕೆ ಹೋಗಿ ಅಕ್ಬರನ ಕಾಲದ ದೊಡ್ಡ ಶಾಸ್ತ್ರಕಾರರಲ್ಲಿ ಒಬ್ಬನಾದ. ದಕ್ಷಿಣದ ವೀಣೆಯ ಲೆಕ್ಕವನ್ನು ಉತ್ತರದ ಸಂಗೀತಕ್ಕೆ ದಾಟಿಸಿದವರಲ್ಲಿ ಅವನ ಹೆಸರು ಮುಂದೆ ಬರುತ್ತದೆ.

ಶಾಸ್ತ್ರ ಬರೆದವರಿಗಿಂತ ದೊಡ್ಡದು, ಶಾಸ್ತ್ರ ಓದದೆ ಹಾಡಿದವರ ಪಡೆ. ಗೋಗಿಯ ಸುತ್ತಮುತ್ತ ಅದು ಇನ್ನೂ ದಟ್ಟವಾಗಿದೆ. ಸುರಪುರ ಸೀಮೆಯ ತಿಂಥಣಿ ಮೋನಪ್ಪಯ್ಯನ ಪರಂಪರೆ, ಕೊಡೇಕಲ್ ಬಸವಣ್ಣನ ಕಾಲಜ್ಞಾನದ ಪದಗಳು, ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳು, ಮೊಹರಂ ಬಂತೆಂದರೆ ಊರೂರಲ್ಲಿ ಕೇಳುವ ರಿವಾಯತ್ ಪದಗಳು. ಇವಕ್ಕೆಲ್ಲ ಒಂದು ಏಕತಾರಿ ಸಾಕು, ಒಂದು ದಮ್ಮಡಿ ಸಾಕು. ಏಕತಾರಿಗೆ ಇರುವುದೇ ಒಂದು ತಂತಿ, ಒಂದು ಬಿರಡೆ. ರಾತ್ರಿ ಭಜನೆ ಏರುತ್ತ ಹೋದಂತೆ ಮುಮ್ಮೇಳದವರ ದನಿ ಬಳಲುತ್ತದೆ. ಆಗ ಹಿಂದಿನಿಂದ ಯಾರೋ ಹೇಳುತ್ತಾರೆ: “ಒಂದ್ ಮನಿ ಇಳಿಸ್ರಿ, ದನಿ ಮುಟ್ಟವಲ್ದು.” ಬಿರಡೆ ಒಂದು ಚೂರು ತಿರುಗುತ್ತದೆ, ತಂತಿ ಸಡಿಲಾಗುತ್ತದೆ, ಪದ ಮುಂದೆ ಸಾಗುತ್ತದೆ. ಗಿಟಾರಿನವರು ತಲೆಕೆಡಿಸಿಕೊಳ್ಳುವ ಕೆಲಸ ಇಲ್ಲಿ ಒಂದೇ ಉಸಿರಿನಲ್ಲಿ ಮುಗಿದಿರುತ್ತದೆ.

ಈ ಸೀಮೆಯ ವಾದ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರಲ್ಲಿ ಸುರಪುರದ ನೆನಪಿನಲ್ಲಿ ಇಂದಿಗೂ ಉಳಿದಿರುವ ಒಬ್ಬನಿದ್ದಾನೆ: ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಅವನು ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ; ಬಾಲಕ ದೊರೆ ವೆಂಕಟಪ್ಪ ನಾಯಕನ ಪಾಲಕನಂತಿದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಅಲ್ಲಿನ ಗುಡ್ಡದ ಮೇಲಿದೆ. ಹಿಂದೂಸ್ತಾನದಿಂದ ಮರಳಿದ ಮೇಲೆ, 1860ರ ದಶಕದಲ್ಲಿ, ಕರ್ನಲ್ ಪಿ. ಟಿ. ಫ್ರೆಂಚ್ ಕೊಟ್ಟ ಭಾರತೀಯ ವಾದ್ಯಗಳ ಸಂಗ್ರಹಕ್ಕೆ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಪತ್ರಿಕೆಯಲ್ಲಿ ಟೇಲರ್ ಒಂದು ವಿವರಣ ಪಟ್ಟಿ ಬರೆದ. ಠಗ್ಗರ ಕಾದಂಬರಿಯಿಂದ ಹೆಸರಾದ ಟೇಲರನ ಈ ಬರಹ ಅಷ್ಟಾಗಿ ಚರ್ಚೆಗೆ ಬಂದಿಲ್ಲ, ಬರಬೇಕಿತ್ತು. ಇಪ್ಪತ್ತೈದು ವರ್ಷದ ನಂತರ, 1891ರಲ್ಲಿ, ಕ್ಯಾಪ್ಟನ್ ಸಿ. ಆರ್. ಡೇ ದಕ್ಷಿಣ ಭಾರತ ಮತ್ತು ದಖ್ಖನಿನ ವಾದ್ಯಗಳ ಬಗ್ಗೆ ಬಣ್ಣದ ಚಿತ್ರಗಳ ದೊಡ್ಡ ಗ್ರಂಥವನ್ನೇ ತಂದ. 1893ರಲ್ಲಿ ಮದರಾಸಿನ ಎ. ಎಂ. ಚಿನ್ನಸ್ವಾಮಿ ಮುದಲಿಯಾರ್ ನಮ್ಮ ಕೃತಿಗಳನ್ನು ಐದು ಗೆರೆಯ ಲಿಪಿಗೆ ಇಳಿಸುವ ಸಾಹಸಕ್ಕೆ ಕೈಹಾಕಿದರು. ಅಲ್ಲಿಗೆ ಗಾಳಿಯಲ್ಲಿ ತೇಲುತ್ತಿದ್ದ ‘ಸ’ ಹಾಳೆಯ ಮೇಲೆ ಯಾವುದೋ ಒಂದು ಗೆರೆ ಹಿಡಿದು ಕೂರಲೇಬೇಕಾಯಿತು.

ಅಷ್ಟರಲ್ಲಿ ಪೇಟಿ ಬಂದಿತ್ತು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ ಹಾರ್ಮೋನಿಯಮ್ಮಿಗೆ ಹಕ್ಕುಪತ್ರ ಪಡೆದ. 1875ರ ಹೊತ್ತಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ಕೈಯಿಂದ ಗಾಳಿ ಒತ್ತುವ, ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆ ಮಾಡಿದರು. ನಾಟಕ ಕಂಪನಿಗಳ ಜೊತೆ ಅದು ಉತ್ತರ ಕರ್ನಾಟಕದ ಹಳ್ಳಿಹಳ್ಳಿ ತಲುಪಿತು. ಅದು ತಂದ ಬದಲಾವಣೆ ಎಂಥದೆಂದರೆ, ಮೊದಲ ಸಲ ಎತ್ತರಕ್ಕೊಂದು ಹೆಸರು ಸಿಕ್ಕಿತು. ಬಿಳಿ ಮನೆಗಳಿಗೆ ಸಫೇದ್ ಏಕ್‌ನಿಂದ ಸಾತ್, ಕರಿ ಮನೆಗಳಿಗೆ ಕಾಳಿ ಏಕ್‌ನಿಂದ ಪಾಂಚ್. ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ಐದು’ ಎನ್ನುತ್ತಾರೆ. ಹಳೆ ಮೈಸೂರಿನ ಸಂಗೀತಗಾರರು ‘ಒಂದೂವರೆ ಮನೆ’, ‘ಐದೂವರೆ ಮನೆ’ ಎನ್ನುತ್ತಾರೆ. ಹೆಸರು ಮೂರು, ಕೆಲಸ ಒಂದೇ: ಈ ಹೊತ್ತಿನ ‘ಸ’ ಎಲ್ಲಿದೆ ಎಂದು ಇನ್ನೊಬ್ಬರಿಗೆ ತಿಳಿಸುವುದು. ಗಂಡು ದನಿ ಸಾಮಾನ್ಯವಾಗಿ ಸಫೇದ್ ಏಕ್‌ನಿಂದ ಕಾಳಿ ದೋ ಒಳಗೆ ಕೂರುತ್ತದೆ. ಹೆಣ್ಣು ದನಿ ಸಫೇದ್ ಪಾಂಚ್‌ನಿಂದ ಕಾಳಿ ಪಾಂಚ್ ಆಸುಪಾಸು.

ಪೇಟಿಯ ಮೇಲೆ ಆಕ್ಷೇಪಗಳೂ ಬಂದವು, ಅವು ಪೊಳ್ಳಲ್ಲ. ಅದರ ಹನ್ನೆರಡು ಮನೆಗಳ ನಡುವೆ ನಮ್ಮ ಶ್ರುತಿಗಳು ಜಾರಿಹೋಗುತ್ತವೆ. ಸಾಂಗಲಿಯ ಕೆ. ಬಿ. ದೇವಲ್ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಮೇಲೆ ಪುಸ್ತಕ ಬರೆದರು. ಅವರ ಅಳತೆಗೆ ದನಿ ಕೊಟ್ಟವರು ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್. ಆಕಾಶವಾಣಿ 1940ರ ಮಾರ್ಚ್‌ನಿಂದ ಮೂರು ದಶಕ ಹಾರ್ಮೋನಿಯಂ ಅನ್ನು ಬಾಗಿಲ ಹೊರಗೆ ನಿಲ್ಲಿಸಿತು. ಆದರೂ ಕಾಳಿ, ಸಫೇದ್ ಎಂಬ ಭಾಷೆಯನ್ನು ಯಾರಿಂದಲೂ ಹೊರಗೆ ಹಾಕಲು ಆಗಲಿಲ್ಲ. ಅದು ಅಷ್ಟು ಬೇಕಾಗಿತ್ತು. ಕೀಲಿಮಣೆಯನ್ನೇ ಪಕ್ಕಕ್ಕೆ ಸರಿಸಬಹುದಾದ ಸ್ಕೇಲ್ ಚೇಂಜರ್ ಪೇಟಿ ಬಂದ ಮೇಲಂತೂ ಬೆರಳು ಹಳೆಯ ದಾರಿಯಲ್ಲೇ ನಡೆಯುತ್ತದೆ, ಎತ್ತರ ಮಾತ್ರ ಬದಲಾಗುತ್ತದೆ. ಆರೂ ತಂತಿ ಇಳಿಸಿದ ಗಿಟಾರ್ ಮಾಡುವುದೂ ಇದನ್ನೇ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದಾಗ ಬಿರಡೆಯ ಜಾಗಕ್ಕೆ ತಿರುಗುಗುಂಡಿ ಬಂತು.

ತಂಬೂರಿಯನ್ನು ಶ್ರುತಿಗೆ ತರುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ಬಿರಡೆ ತಿರುಗಿಸಿ ತಂತಿಯನ್ನು ಗುರಿಯ ಹತ್ತಿರಕ್ಕೆ ತರುತ್ತಾರೆ. ಆಮೇಲೆ ಕುದುರೆಯ ಕೆಳಗಿರುವ ಚಿಕ್ಕ ಮಣಿಯನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸುತ್ತಾರೆ. ಕೊನೆಗೆ ತಂತಿಗೂ ಕುದುರೆಗೂ ನಡುವೆ ಹತ್ತಿಯ ಎಳೆಯೊಂದನ್ನು ಹಿಂದೆ ಮುಂದೆ ಎಳೆದು ಹುಡುಕುತ್ತಾರೆ. ಎಳೆ ಸರಿಯಾದ ಜಾಗಕ್ಕೆ ಬಂದ ಕ್ಷಣ ಮಂಕಾಗಿದ್ದ ತಂತಿ ಜೇಂಕರಿಸಿ ಎದ್ದುಬಿಡುತ್ತದೆ. ಆ ಎಳೆಗೆ ‘ಜೀವಾಳ’ ಎಂದು ಹೆಸರು. ಅದಕ್ಕಿಂತ ಸರಿಯಾದ ಹೆಸರು ಇರಲಾರದು. ಇಷ್ಟೆಲ್ಲ ಮಾಡುವುದು ಯಾವುದೋ ದೇಶದ ಸಮ್ಮೇಳನ ಗೊತ್ತುಮಾಡಿದ ಅಂಕಿಗೆ ಹೊಂದಲಿ ಎಂದಲ್ಲ, ಪಕ್ಕದಲ್ಲಿ ಕೂತವರ ಗಂಟಲಿಗೆ ಹೊಂದಲಿ ಎಂದು.

ಗಂಗೂಬಾಯಿ ಹಾನಗಲ್ಲರ ಗಂಟಲಿನ ಕತೆ ಎಲ್ಲರಿಗೂ ಗೊತ್ತು. 1930ರ ದಶಕದ ಅವರ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳ್ಳಗಿನ, ಎತ್ತರದ ಹುಡುಗಿಯ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದೇ ದನಿ ಇಳಿದು, ಗಟ್ಟಿಯಾಗಿ, ಗಂಡುದನಿಯ ಗಾಂಭೀರ್ಯ ಪಡೆಯಿತು. ಬೇರೆ ಯಾರಾದರೂ ಹಾಡುವುದನ್ನೇ ಬಿಡುತ್ತಿದ್ದರೇನೋ. ಗಂಗೂಬಾಯಿ ತಂಬೂರಿ ಇಳಿಸಿಕೊಂಡು ಹಾಡಿದರು, ಕಿರಾನಾ ಘರಾಣೆಯ ಶಿಖರಕ್ಕೇರಿದರು. ಸವಾಯಿ ಗಂಧರ್ವರು ಕಲಿಸಿದ ಬಂದಿಶ್‌ಗಳ ಒಂದು ಸ್ವರಾಕ್ಷರವೂ ಅದಕ್ಕಾಗಿ ಬದಲಾಗಬೇಕಾಗಲಿಲ್ಲ. ಬದಲಾಗದ ‘ಸ’ ಇದ್ದಿದ್ದರೆ, ಪ್ರತಿ ಪುಟವನ್ನೂ ಹೊಸದಾಗಿ ಬರೆಯಬೇಕಾಗುತ್ತಿತ್ತು.

ತಗ್ಗಿಸಿದ ತಂತಿಯ ಇನ್ನೊಂದು ದೊಡ್ಡ ಉದಾಹರಣೆ ಪಿಟೀಲು. ಯುರೋಪಿನಲ್ಲಿ ಅದರ ತಂತಿಗಳು ಜಿ, ಡಿ, ಎ, ಇ. ದಕ್ಷಿಣಕ್ಕೆ ಬಂ‌ದ ಮೇಲೆ ಅದು ಸ, ಪ, ಸ, ಪ ಆಯಿತು. ಐದು ಮನೆ ಶ್ರುತಿಗೆ ಕೂಡಿಸಿದರೆ ಕೆಳಗಿನ ಎರಡು ತಂತಿ ಪಶ್ಚಿಮದ ಎತ್ತರದಲ್ಲೇ ಇರುತ್ತವೆ. ಮೇಲಿನ ಎರಡು ಒಂದೊಂದು ಪೂರ್ತಿ ಸ್ವರ ಇಳಿಯುತ್ತವೆ. ಗಂಡಸರು ಹಾಡುವ ಒಂದು, ಒಂದೂವರೆ ಮನೆಗೆ ಇಳಿಸಿದರೆ ನಾಲ್ಕೂ ತಂತಿ ಇನ್ನೂ ಸಡಿಲ. ಹಾಗೆ ಸಡಿಲಾದ ತಂತಿಯಿಂದ ದೊಡ್ಡ ಸಭೆಗೆ ಕೇಳುವ ನಾದ ತೆಗೆಯುವುದು ಹೇಗೆ? ಧ್ವನಿವರ್ಧಕ ಇನ್ನೂ ಹರಡಿರದ ಕಾಲದಲ್ಲಿ ಮೈಸೂರಿನ ಟಿ. ಚೌಡಯ್ಯ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡು ಉತ್ತರ ಕೊಟ್ಟರು. ಬೆಂಗಳೂರಿನಲ್ಲಿ 1980ರಲ್ಲಿ ಕಟ್ಟಿದ ಅವರ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ನಿಂತಿದೆ.

ಓದುವ ಸಮಸ್ಯೆಗೆ ಮಾತ್ರ ಮೈಸೂರಿನ ಅರಮನೆ ಬ್ಯಾಂಡೇ ಸರಿಯಾದ ಪಾಠಶಾಲೆ. ಊದುವ ವಾದ್ಯಗಳಲ್ಲಿ ಹಲವು ಹುಟ್ಟಿನಿಂದಲೇ ‘ಇಳಿದ’ ವಾದ್ಯಗಳು. ಆಲ್ಟೊ ಸ್ಯಾಕ್ಸೊಫೋನ್ ನುಡಿಸುವವರು ಹಾಳೆಯ ಮೇಲಿನ ‘ಸಿ’ ಓದಿ ‘ಸಿ’ಯ ಬೆರಳು ಇಟ್ಟರೆ ಹೊರಡುವುದು ಅದಕ್ಕಿಂತ ಕೆಳಗಿನ ‘ಇ ಫ್ಲಾಟ್’, ಅಂದರೆ ಕಾಳಿ ದೋ. ಹಾಳೆ ಬರೆಯುವವರು ಇದನ್ನು ಲೆಕ್ಕಹಾಕಿ ಮೊದಲೇ ಸ್ವರ ಏರಿಸಿ ಬರೆದಿರುತ್ತಾರೆ. ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ದಕ್ಷಿಣ ಕನ್ನಡದ ಹುಡುಗ ಮುಂದೆ ಕದ್ರಿ ಗೋಪಾಲನಾಥ್ ಆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅವರಿಗೆ ಆ ಲೆಕ್ಕ ಬೇಕಾಗಲಿಲ್ಲ. ವಾದ್ಯ ಎಲ್ಲಿ ಸುಲಭವಾಗಿ ಮಾತಾಡುತ್ತದೋ ಅಲ್ಲಿ ‘ಸ’ ಇಟ್ಟುಕೊಂಡರು.

ಗಿಟಾರಿಗೆ ಮರಳಿದರೆ, ಅದನ್ನು ನಮ್ಮ ರಾಗಗಳಿಗೆ ಒಗ್ಗಿಸಿದವರು ಮಾಡಿದ್ದೂ ಅದನ್ನೇ. 1967ರ ‘ಕಾಲ್ ಆಫ್ ದ ವ್ಯಾಲಿ’ ಮುದ್ರಿಕೆಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ, 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರು, ಇಬ್ಬರೂ ಇ-ಎ-ಡಿ-ಜಿ-ಬಿ-ಇ ಬಿಟ್ಟು ‘ಸ’ ಮತ್ತು ‘ಪ’ಗಳ ಸುತ್ತ ತಂತಿ ಕೂಡಿಸಿಕೊಂಡವರು. ಪಶ್ಚಿಮದಲ್ಲಿ ತಂತಿ ಇಳಿಸಿದವರಿಗೆ ಕಾರಣಗಳು ಬೇರೆ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ 1965ರಲ್ಲಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡ. ನೋಯುವ ಬೆರಳಿಗೆ ಬಿಗಿ ತಂತಿ ಒತ್ತಲಾಗದೆ ಸಡಿಲಿಸುತ್ತ ಹೋದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಮುದ್ರಿಕೆಯ ಹಲವು ಹಾಡುಗಳಲ್ಲಿ ಅವನ ಗಿಟಾರ್ ಒಂದೂವರೆ ಸ್ವರ ಇಳಿದು ‘ಸಿ ಶಾರ್ಪ್’ಗೆ ಬಂದು ನಿಂತಿತ್ತು. ಅದು ನಮ್ಮ ಕಾಳಿ ಏಕ್, ಉತ್ತರ ಕರ್ನಾಟಕದ ಎಷ್ಟೋ ಗಂಡುದನಿಗಳ ಮನೆ. ಆ ಆಳದ ನಾದದಿಂದಲೇ ಹೊಸ ಸಂಗೀತ ಪ್ರಕಾರವೊಂದು ಬೆಳೆಯಿತು.

ಹಾಗಾದರೆ ಇಳಿಸಿದ ಗಿಟಾರಿನ ಮುಂದೆ ಹಾಳೆ ಓದುವುದು ಹೇಗೆ? ಎರಡು ದಾರಿಗಳಿವೆ. ಒಂದು, ತಂತಿ ಇಳಿದೇ ಇಲ್ಲವೆಂಬಂತೆ ಬೆರಳಿಗೆ ಬರೆದು, ಹಾಳೆಯ ತಲೆಯ ಮೇಲೆ ‘ಎಲ್ಲ ತಂತಿ ಅರ್ಧ ಸ್ವರ ಇಳಿಸಿ’ ಎಂದು ಸೂಚಿಸುವುದು. ಇನ್ನೊಂದು, ಕಿವಿಗೆ ಕೇಳುವ ನಿಜವಾದ ಸ್ವರ ಬರೆಯುವುದು; ಆಗ ಓದುವವರು ಪ್ರತಿ ಸ್ವರಕ್ಕೂ ಒಂದು ಮೆಟ್ಟಿಲು ಮುಂದೆ ಬೆರಳಿಡಬೇಕು. ಗಿಟಾರಿನವರು ಹೆಚ್ಚಾಗಿ ಹಿಡಿಯುವುದು ಮೊದಲನೆಯದನ್ನು, ಅದೇ ಸರಿ. ಗಿಟಾರಿನ ಹಾಳೆ ಮೊದಲಿನಿಂದಲೂ ಕೇಳುವ ನಾದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆದಿರುವಂಥದು. ಒಂದು ಸ್ಥಾಯಿಯ ಅಂತರ ಒಪ್ಪಿದ ಕಣ್ಣಿಗೆ ಇನ್ನೊಂದು ಅರ್ಧ ಸ್ವರ ಭಾರವಲ್ಲ. ಜರ್ಮನ್ ಸೀಮೆಯ ಬೀಬರ್ 1676ರ ಸುಮಾರಿಗೆ ತನ್ನ ಜಪಮಾಲೆಯ ಸೊನಾಟಾಗಳಿಗೆ ಪಿಟೀಲನ್ನು ಬೇರೆ ಬೇರೆ ರೀತಿ ಕೂಡಿಸುವಂತೆ ಸೂಚಿಸಿದಾಗಲೂ ಹಾಳೆಯನ್ನು ಬೆರಳಿಗೇ ಬರೆದಿದ್ದ. ಪಕ್ಕದಲ್ಲಿ ಪೇಟಿಯವರು, ಕೊಳಲಿನವರು ಇದ್ದರೆ ಮಾತ್ರ ಎಚ್ಚರ ಬೇಕು. ಅವರ ಹಾಳೆಯಲ್ಲಿ ಕಿವಿಯ ಸ್ವರವೇ ಇರಬೇಕು.

ನಮ್ಮ ಸ್ವರಲಿಪಿಗೆ ಈ ಯಾವ ಕಷ್ಟವೂ ಇಲ್ಲ. ಭಾತಖಂಡೆಯವರ ಪದ್ಧತಿಯಲ್ಲಿ ಮಂದ್ರಕ್ಕೆ ಅಕ್ಷರದ ಕೆಳಗೊಂದು ಚುಕ್ಕೆ, ತಾರಕ್ಕೆ ಮೇಲೊಂದು ಚುಕ್ಕೆ, ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೆ ನಿಂತ ಗೆರೆ. ‘ಸ’ ಎಲ್ಲಿದೆ ಎಂದು ಹೇಳುವ ಚಿಹ್ನೆ ಮಾತ್ರ ಇಲ್ಲ. ಅದರಿಂದಾಗಿ ಗೋಗಿಯ ಹುಡುಗಿ, ಹುಬ್ಬಳ್ಳಿಯ ಮುದುಕ, ತಗ್ಗಿಸಿದ ಗಿಟಾರ್ ಹಿಡಿದವರು ಎಲ್ಲರೂ ಒಂದೇ ಪುಟ ಓದಬಹುದು. ಅದರಿಂದಾಗಿಯೇ ಮೋತಿ ಖಾನನ ನಾದವೂ ನಮಗೆ ಸಿಗದೆ ಹೋಯಿತು.

ಇಂಥದೇ ನಷ್ಟ ಈಗಲೂ ಆಗುತ್ತಿದೆ, ಅದನ್ನು ತಡೆಯುವುದು ಸುಲಭ. ತತ್ವಪದಗಳ ಸಾಹಿತ್ಯ ಹಲವು ಸಂಪುಟಗಳಲ್ಲಿ ಅಚ್ಚಾಗಿದೆ. ರಿವಾಯತ್, ಭಜನೆ, ಏಕತಾರಿಯ ಪದಗಳನ್ನು ಇಂದು ಮೊಬೈಲಿನಲ್ಲೇ ಮುದ್ರಿಸಿಕೊಳ್ಳುವವರು ಊರೂರಲ್ಲಿ ಇದ್ದಾರೆ. ಆದರೆ ಮುದ್ರಿಕೆ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುತ್ತ ವೇಗ ಬದಲಾದರೆ ಎತ್ತರವೂ ಬದಲಾಗಬಹುದು. ಮೂಲದ ‘ಸ’ ಯಾವುದೆಂದು ಹೇಳಲು ಆಮೇಲೆ ಯಾರೂ ಉಳಿದಿರುವುದಿಲ್ಲ. ಗೋಗಿ, ತಿಂಥಣಿ, ಕೊಡೇಕಲ್, ಕಡಕೋಳಗಳ ಹಿರಿಯರನ್ನು ಮುದ್ರಿಸುವ ಗೆಳೆಯರು ಪದ ಶುರುವಾಗುವ ಮೊದಲು ಏಕತಾರಿಯ ಬರಿ ತಂತಿಯನ್ನು ಒಂದು ಸಲ ಮೀಟಿಸಲಿ, ಪೇಟಿಯ ಪಕ್ಕ ಇಟ್ಟು ಅದು ಕಾಳಿ ಏಕ್ ಇದೆಯೋ ಸಫೇದ್ ದೋ ಇದೆಯೋ ನೋಡಲಿ, ಊರು ಮತ್ತು ತಾರೀಖಿನ ಜೊತೆ ಅದನ್ನೂ ಬರೆದಿಡಲಿ.